ಐದನೆಯ ಕಾರಣ

ವಾಹನ ಪೂಜೆಯ ಕೊನೆಗೆ ನಾಲ್ಕು ಚಕ್ರಗಳಡಿ ನಾಲ್ಕು ನಿಂಬೆಹಣ್ಣು ಇಡುತ್ತಾರೆ. ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದ ಸ್ವಸ್ತಿಕ, ಕನ್ನಡಿಗಳಿಗೆ ಸೇವಂತಿಗೆ ಹಾರ, ಮಂಗಳಾರತಿ, ಆಮೇಲೆ ಬೂದುಗುಂಬಳ ನಿವಾಳಿಸಿ ಒಡೆಯುವುದು. ಅಷ್ಟಾದ ಮೇಲೆ ಮಾಲೀಕರು ಗಾಡಿಯನ್ನು ಒಂದು ಮಾರು ಮುಂದಕ್ಕೆ ಬಿಡುತ್ತಾರೆ. ಹಣ್ಣು ಅಪ್ಪಚ್ಚಿಯಾಗುತ್ತದೆ, ದೃಷ್ಟಿ ಕಳೆಯಿತು ಎಂದು ಎಲ್ಲರಿಗೂ ನೆಮ್ಮದಿ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ಈ ಪೂಜೆಗೆ ಊರಿಗೇ ಹೆಸರುವಾಸಿ. ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಕಡೆಯವರು 9ನೇ ಬ್ಲಾಕಿನ ರಾಗಿಗುಡ್ಡ ಪ್ರಸನ್ನ ಆಂಜನೇಯನ ಬೆಟ್ಟದ ಬುಡಕ್ಕೋ, ಕನಕಪುರ ರಸ್ತೆಯ ಬನಶಂಕರಿ ಅಮ್ಮನ ಸನ್ನಿಧಿಗೋ ಹೊಸ ಗಾಡಿ ತರುತ್ತಾರೆ. ಬನಶಂಕರಿಯಲ್ಲಂತೂ ನಿಂಬೆಹಣ್ಣಿಗೆ ಬೇರೆಯದೇ ಸ್ಥಾನ; ರಾಹುಕಾಲದಲ್ಲಿ ಹೋಳು ಮಾಡಿದ ಹಣ್ಣಿನ ಸಿಪ್ಪೆಯಲ್ಲೇ ದೀಪ ಹಚ್ಚುವ ಗುಡಿ ಅದು.

ಚಕ್ರದಡಿಯ ಆ ಹಣ್ಣಿನಿಂದ ಗೇಣಳತೆ ಒಳಗೆ, ಹಾರ ತಲುಪದ, ಕುಂಕುಮ ತಾಗದ ಕಡೆ ಒಂದು ಬೋಲ್ಟು ಇರುತ್ತದೆ. ಚಕ್ರವನ್ನು ಹಿಡಿದ ಲೋವರ್ ಆರ್ಮನ್ನು ಗಾಡಿಯ ತಳಕ್ಕೆ ಬಿಗಿದಿರುವುದು ಅದೇ. ಅಂಥ ಬೋಲ್ಟುಗಳು ಮುಂದಿನ ಒಂದೊಂದು ಮೂಲೆಯಲ್ಲೂ ಹಲವು: ಶಾಕಪ್ಪಿನ ಬುಡದಲ್ಲಿ ಎರಡು, ಲಿಂಕ್ ರಾಡಿನ ತುದಿಗಳಲ್ಲಿ, ಬಾಲ್ ಜಾಯಿಂಟಿನಲ್ಲಿ, ಸಬ್‌ಫ್ರೇಮಿನಲ್ಲಿ. ಪೂಜೆ ಮುಗಿಸಿ ಮನೆಗೆ ಹೊರಟ ಕುಟುಂಬದ ಪ್ರಾಣ ಇವುಗಳ ಬಿಗಿತದ ಮೇಲೆ ನಿಂತಿದೆ. ಹಾಗಾದರೆ ಕಾರಣ ಚೆನ್ನಾಗಿ ಗೊತ್ತಿರುವ ಅಪಾಯದಿಂದ ಕಾಪಾಡು ಎಂದು ದೇವರನ್ನು ಕೇಳುವವರು ನಿಜಕ್ಕೂ ಏನನ್ನು ಕೇಳುತ್ತಿದ್ದಾರೆ?

ಕಾರಣ ಗೊತ್ತಿರುವುದು ಹೌದು. ಬೋಲ್ಟು ಬಿಗಿ ಮಾಡುವುದೆಂದರೆ ಅದನ್ನು ಕೂದಲೆಳೆಯಷ್ಟು ಹಿಗ್ಗಿಸುವುದು. ಹಿಗ್ಗಿದ ಉಕ್ಕು ಮತ್ತೆ ಕುಗ್ಗಲು ಎಳೆಯುತ್ತದೆ. ಆ ಎಳೆತವೇ ಎರಡು ಭಾಗಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ. ಸ್ಪ್ಯಾನರಿಗೆ ಹಾಕುವ ಬಲದ ಬಹುಪಾಲು ಈ ಎಳೆತಕ್ಕೆ ಸಿಗುವುದೇ ಇಲ್ಲ. ಸುಮಾರು ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ ಹೋಗುತ್ತದೆ, ಶೇ 40ರಷ್ಟು ಥ್ರೆಡ್ಡಿನ ಘರ್ಷಣೆಗೆ, ಕೆಲಸಕ್ಕೆ ಬರುವುದು ಉಳಿದ ಶೇ 10 ಮಾತ್ರ. ತುಕ್ಕು ಹಿಡಿದ ಥ್ರೆಡ್ಡಾದರೆ ಅಷ್ಟೂ ಇಲ್ಲ. ಕೈಗೆ ಗಟ್ಟಿ ಎನಿಸಿದ ಬೋಲ್ಟು ಒಳಗೆ ಸಡಿಲವಾಗಿರಬಹುದು ಎನ್ನುವುದು ಈ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಇನ್ನು ಸಡಿಲವಾಗುವುದು ಹೇಗೆ? ಗುಂಡಿಗೆ ಬಿದ್ದಾಗ ಮೇಲೆ ಕೆಳಗೆ ಕುಲುಕುವುದರಿಂದ ಬೋಲ್ಟು ಬಿಚ್ಚಿಕೊಳ್ಳುತ್ತದೆ ಎಂದು ಬಹಳ ಕಾಲ ಎಂಜಿನಿಯರುಗಳೂ ಭಾವಿಸಿದ್ದರು. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಪ್ರಯೋಗಗಳು ಬೇರೆಯದನ್ನು ತೋರಿಸಿದವು. ಉದ್ದಕ್ಕೆ ಬೀಳುವ ಹೊಡೆತಕ್ಕಿಂತ ಅಡ್ಡಕ್ಕೆ ಆಗುವ ಜಾರಾಟ ಎಷ್ಟೋ ಪಾಲು ಅಪಾಯಕಾರಿ. ಬಿಗಿದ ಎರಡು ತಟ್ಟೆಗಳು ಅಡ್ಡಡ್ಡಕ್ಕೆ ಒಂದಿಷ್ಟು ಸರಿದರೂ ಸಾಕು, ಆ ಕ್ಷಣ ಥ್ರೆಡ್ಡಿನಲ್ಲಿ ತಿರುಗುವಿಕೆಯನ್ನು ತಡೆಯುವ ಘರ್ಷಣೆ ಇಲ್ಲವಾಗುತ್ತದೆ. ಹಿಗ್ಗಿದ ಬೋಲ್ಟಿನ ಎಳೆತವೇ ನಟ್ಟನ್ನು ಇಳಿಜಾರಿನಲ್ಲಿ ಹಿಂದಕ್ಕೆ ತಿರುಗಿಸುತ್ತದೆ. ನೆಲದಲ್ಲಿ ಹೂತ ಗೂಟವನ್ನು ನೇರ ಎಳೆದರೆ ಬಾರದ್ದು, ಅತ್ತಿತ್ತ ಅಲ್ಲಾಡಿಸಿದರೆ ಮೇಲೆ ಬರುವಂತೆ. ಎಳೆತ ಕಡಿಮೆಯಾದಷ್ಟೂ ಜಾರಾಟ ಹೆಚ್ಚು, ಜಾರಾಟ ಹೆಚ್ಚಿದಷ್ಟೂ ಎಳೆತ ಕಡಿಮೆ. ಮೊದಲು ಹಂಪಿನ ಮೇಲೆ ಒಂದು ಕಟಕ್ ಸದ್ದು, ಆಮೇಲೆ ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು, ಟೈರು ಒಂದೇ ಅಂಚಿನಲ್ಲಿ ಸವೆಯುವುದು. ಅಷ್ಟಾಗಿಯೂ ಗಮನಿಸದಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ದಕ್ಷಿಣ ಬೆಂಗಳೂರಿನ ರಸ್ತೆಗಳಲ್ಲಿ ಅಡ್ಡ ಹೊಡೆತಕ್ಕೆ ಬರವಿಲ್ಲ. ಒಂದು ಚಕ್ರ ಮಾತ್ರ ಇಳಿಯುವ ಗುಂಡಿ, ನೀರಿನ ಪೈಪಿಗೆಂದು ಅಗೆದು ಅರೆಬರೆ ಮುಚ್ಚಿದ ಕಾಲುವೆ, ವೈಟ್‌ಟಾಪಿಂಗ್ ಕಾಂಕ್ರೀಟು ಮುಗಿದು ಡಾಂಬರು ಶುರುವಾಗುವ ಕಡೆಯ ಮೆಟ್ಟಿಲು. ಹಂಪುಗಳಿಗೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯಿದೆ: 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟಬಹುದಾದ ನಯವಾದ ಉಬ್ಬು. ಬಡಾವಣೆಗಳ ಅಡ್ಡರಸ್ತೆಗಳಲ್ಲಿ, ಶಾಲೆಯ ಮುಂದೆ, ಯಾರದೋ ಗೇಟಿನ ಪಕ್ಕ ಎದ್ದಿರುವ ಅನೇಕ ದಿಬ್ಬಗಳಿಗೂ ಈ ಅಳತೆಗೂ ಸಂಬಂಧವೇ ಇಲ್ಲ.

ಈಗ ಮೊದಲ ಪ್ರಶ್ನೆಗೆ ಬರಬಹುದು: ಕಾರಣ ಗೊತ್ತಿರುವ ಅಪಾಯದಿಂದ ಕಾಪಾಡು ಎಂದು ಬೇಡುವುದೆಂದರೆ ಏನು? ಇದೇ ಬಸವನಗುಡಿ, ಜಯನಗರದ ಸೀಮೆಯಲ್ಲಿ ಇದಕ್ಕೆ ಎರಡು ಉತ್ತರಗಳು ಅಕ್ಕಪಕ್ಕದಲ್ಲೇ ಬದುಕಿದ್ದವು. ಒಂದು ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರದು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದವರು, 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ನೇಮಿಸಿದವರು, ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕಿದವರು. ಪ್ರಶ್ನಿಸದೆ ಯಾವುದನ್ನೂ ಒಪ್ಪಬೇಡಿ ಎಂದು ಜೀವಮಾನವಿಡೀ ಹುಡುಗರಿಗೆ ಹೇಳಿದ ಮೇಷ್ಟ್ರು. ಅವರ ದಾರಿಯಲ್ಲಿ ನಡೆದವರಿಗೆ ನಿಂಬೆಹಣ್ಣಿನ ಉತ್ತರ ಸುಲಭ. ಸಿಟ್ರಿಕ್ ಆಮ್ಲಕ್ಕೂ ಲೋವರ್ ಆರ್ಮಿಗೂ ಸಂಬಂಧವಿಲ್ಲ. ಈ ಮಾತನ್ನು ಅಲ್ಲಗಳೆಯುವಂತಿಲ್ಲ. ಆಸ್ತಿಕರು ಇದನ್ನು ಕೇಳಿ ಸಿಟ್ಟಾಗುವುದರ ಬದಲು ಕೃತಜ್ಞರಾಗಿರಬೇಕು. ಪೂಜೆ ಯಾವುದಲ್ಲ ಎಂಬುದನ್ನು ಅದು ಸ್ಪಷ್ಟಪಡಿಸುತ್ತದೆ.

ಇನ್ನೊಂದು ಉತ್ತರ ಡಿ.ವಿ. ಗುಂಡಪ್ಪನವರ ದಾರಿಯದು. ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ ಪೌರಧರ್ಮವನ್ನು ಬೋಧಿಸಿದ ಅವರೇ ಗೀತೆಗೆ ‘ಜೀವನಧರ್ಮಯೋಗ’ ಎಂಬ ತಾತ್ಪರ್ಯ ಬರೆದರು. 1967ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೈವ ಮತ್ತು ಪೌರುಷದ ಜಗ್ಗಾಟ ಅವರನ್ನು ‘ಮಂಕುತಿಮ್ಮನ ಕಗ್ಗ’ದುದ್ದಕ್ಕೂ ಕಾಡಿದ ವಿಷಯ. ಮುನಿಸಿಪಾಲಿಟಿಯ ಕೆಲಸವನ್ನೂ ಗೀತೆಯ ಕರ್ಮವನ್ನೂ ಒಂದೇ ಮೇಜಿನ ಮೇಲೆ ಇಟ್ಟು ಯೋಚಿಸಿದವರು ನಮ್ಮಲ್ಲಿ ಹೆಚ್ಚಿಲ್ಲ.

ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಈ ಜಗ್ಗಾಟಕ್ಕೆ ನೇರವಾಗಿ ಸಂಬಂಧಿಸಿದ ಒಂದು ಎಣಿಕೆ ಇದೆ. ಯಾವುದೇ ಕೆಲಸ ನಡೆಯಲು ಐದು ಕಾರಣಗಳು ಕೂಡಬೇಕು ಎನ್ನುತ್ತಾನೆ ಕೃಷ್ಣ: ಅಧಿಷ್ಠಾನ ಎಂದರೆ ನೆಲೆ, ಕರ್ತೃ ಎಂದರೆ ಮಾಡುವವನು, ಕರಣಗಳು, ಬಗೆಬಗೆಯ ಚೇಷ್ಟೆಗಳು, ಐದನೆಯದು ದೈವ. ಭಾಷ್ಯಕಾರರು ಇವನ್ನು ಮುಖ್ಯವಾಗಿ ದೇಹದೊಳಗೇ ಓದುತ್ತಾರೆ. ಶಂಕರರಿಗೆ ನೆಲೆಯೆಂದರೆ ಶರೀರ, ಕರಣಗಳೆಂದರೆ ಇಂದ್ರಿಯಗಳು, ದೈವವೆಂದರೆ ಆ ಇಂದ್ರಿಯಗಳನ್ನು ನಡೆಸುವ ಅಧಿದೇವತೆಗಳು; ರಾಮಾನುಜರಿಗೆ ದೈವವೆಂದರೆ ಅಂತರ್ಯಾಮಿಯಾದ ಪರಮಾತ್ಮ. ಎರಡರಲ್ಲೂ ಅದು ಅದೃಷ್ಟದಾಟವಲ್ಲ. ಕೆಲಸ ಬಿಟ್ಟು ಕೂತವನ ಪರವಾಗಿ ಹೊರಗಿನಿಂದ ಬಂದು ನಟ್ಟು ತಿರುಗಿಸುವ ಕೈಯೂ ಅಲ್ಲ. ಈ ಎಣಿಕೆಯನ್ನು ದೇಹದಿಂದ ಹೊರಕ್ಕೆ, ಬಿ.ಟಿ.ಎಂ.ನಿಂದ ಬನಶಂಕರಿಗೆ ಹೊರಟ ಒಂದು ಗಾಡಿಗೆ ಹಚ್ಚಿದರೆ ತಪ್ಪಿಲ್ಲ. ರಸ್ತೆ ನೆಲೆ. ಗಾಡಿ ನಡೆಸುವವರು, ರಿಪೇರಿ ಮಾಡುವವರು ಕರ್ತೃಗಳು. ಬೋಲ್ಟು, ನಟ್ಟು, ಟಾರ್ಕ್ ರೆಂಚ್ ಕರಣಗಳು. ಬಿಗಿಯುವುದು, ನೋಡುವುದು, ಹಂಪಿನ ಮುಂದೆ ವೇಗ ಇಳಿಸುವುದು ಚೇಷ್ಟೆಗಳು. ದೈವ ಐದನೆಯದು.

ಅದು ಐದನೆಯದು ಎಂಬಲ್ಲೇ ವಿಷಯವಿದೆ. ಎರಡೇ ಶ್ಲೋಕಗಳ ಮುಂದೆ, ತಾನೊಬ್ಬನೇ ಕರ್ತೃ ಎಂದು ತಿಳಿದವನ ಬುದ್ಧಿ ಪಳಗಿಲ್ಲ ಎಂದೂ ಕೃಷ್ಣ ಹೇಳುತ್ತಾನೆ. ಎಲ್ಲ ದೇವರ ಕೈಯಲ್ಲಿದೆ ಎಂದು ಗ್ಯಾರೇಜಿಗೆ ಹೋಗದವರಿಗೂ, ಎಲ್ಲ ನನ್ನ ಕೈಯಲ್ಲಿದೆ ಎಂದು ನಂಬಿದವರಿಗೂ ಅಲ್ಲಿ ಜಾಗವಿಲ್ಲ.

ಇದೇ ಮಾತನ್ನು ಗಾಡಿಯ ಭಾಷೆಯಲ್ಲೇ ಹೇಳಿದ ಗ್ರಂಥ ಯಾಜ್ಞವಲ್ಕ್ಯ ಸ್ಮೃತಿ. ರಥ ಒಂದು ಚಕ್ರದಿಂದ ಓಡದು, ಹಾಗೆ ಪುರುಷಪ್ರಯತ್ನವಿಲ್ಲದೆ ದೈವ ಫಲಿಸದು ಎಂಬ ಅಭಿಪ್ರಾಯ ಅದರ ಮೊದಲನೆಯ ಅಧ್ಯಾಯದಲ್ಲಿದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದು ಭಾರತದ ಬಹುಭಾಗದ ಹಿಂದೂ ಆಸ್ತಿ ಕಾನೂನಿಗೆ ತಳಪಾಯ ಹಾಕಿದ ವಿಜ್ಞಾನೇಶ್ವರ ನಮ್ಮವನೇ, ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿದ್ದವನು.

ರಥವೆಂದಾಗ ಹರಿಕಥೆಯ ಒಂದು ಪ್ರಸಂಗವೂ ನೆನಪಾಗಬೇಕು. ಯುದ್ಧದ ನಡುವೆ ದಶರಥನ ರಥದ ಕಡಾಣಿ ಕಳಚಿತು. ಪಕ್ಕದಲ್ಲಿದ್ದ ಕೈಕೇಯಿ ಅಚ್ಚಿನ ತೂತಿಗೆ ಬೆರಳು ಕೊಟ್ಟು ಚಕ್ರ ಉರುಳದಂತೆ ಹಿಡಿದಳು. ಅದಕ್ಕೇ ಎರಡು ವರ. ವಾಲ್ಮೀಕಿಯಲ್ಲಿ ಬೆರಳಿನ ಮಾತಿಲ್ಲ, ಅಲ್ಲಿ ಅವಳು ಗಾಯಗೊಂಡ ರಾಜನನ್ನು ರಣರಂಗದಿಂದ ಪಾರು ಮಾಡುತ್ತಾಳೆ. ಆದರೆ ಎತ್ತಿನ ಗಾಡಿ ಕಟ್ಟುತ್ತಿದ್ದ, ಹೊರಡುವ ಮುನ್ನ ಕಡಾಣಿ ತಟ್ಟಿ ನೋಡಿ ಅಚ್ಚಿಗೆ ಕೀಲೆಣ್ಣೆ ಸವರುತ್ತಿದ್ದ ಜನ ಬೆರಳಿನ ಕಥೆಯನ್ನೇ ಹೆಚ್ಚು ಹೇಳಿಕೊಂಡು ಬಂದರು. ರಾಮನ ಹದಿನಾಲ್ಕು ವರ್ಷದ ವನವಾಸದ ಬೇರು ಒಂದು ಕಳಚಿದ ಕೀಲಿನಲ್ಲಿದೆ ಎಂಬುದು ಗಾಡಿ ಬಲ್ಲವರ ಕಲ್ಪನೆ. ಆ ರಥವನ್ನು ಯುದ್ಧಕ್ಕೆ ಮುನ್ನ ನೋಡಬೇಕಿದ್ದವರು ಯಾರು ಎಂದು ಕಥೆ ಕೇಳುವುದಿಲ್ಲ. ಕೇಳಬೇಕಿತ್ತು.

ಈಗ ಜೆ.ಪಿ. ನಗರದ ಯಾವುದಾದರೂ ಅಡ್ಡರಸ್ತೆಯ ಗ್ಯಾರೇಜಿಗೆ ಹೋಗೋಣ. ಲೋವರ್ ಆರ್ಮಿನ ಬುಷ್ ಹರಿದಿದೆ, ಹೊಸದು ಹಾಕಬೇಕು. ಜೆ.ಸಿ. ರಸ್ತೆಯಿಂದ ಸಾಮಾನು ಬಂದಿದೆ. ಬುಷ್ ಎಂದರೆ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಬಳೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರು. ಬೋಲ್ಟು ಒಳಗಿನ ಕೊಳವೆಯನ್ನು ಬ್ರಾಕೆಟ್ಟಿಗೆ ಕಚ್ಚಿ ಹಿಡಿಯುತ್ತದೆ. ಚಕ್ರ ಏರಿಳಿದಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಗಾಡಿ ಜಾಕಿನ ಮೇಲಿದೆ, ಚಕ್ರ ಗಾಳಿಯಲ್ಲಿ ಜೋತುಬಿದ್ದಿದೆ, ಆರ್ಮ್ ಕೆಳಕ್ಕೆ ವಾಲಿದೆ. ಹಾಗೇ ಬಿಗಿದು ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಗಾಡಿ ಕೆಳಗಿಳಿದು ಆರ್ಮ್ ತನ್ನ ಜಾಗಕ್ಕೆ ಬಂದ ಕೂಡಲೇ ರಬ್ಬರು ತಿರುಚಿಕೊಳ್ಳುತ್ತದೆ, ನಿಂತಲ್ಲೂ ಬಿಡುವಿಲ್ಲದೆ ತಿರುಚಿಕೊಂಡೇ ಇರುತ್ತದೆ. ಪ್ರತಿ ಗುಂಡಿಯೂ ಅದನ್ನು ಇನ್ನಷ್ಟು ತಿರುಚುತ್ತದೆ. ಹೊಸ ಬುಷ್ ಅಕಾಲದಲ್ಲಿ ಹರಿಯುತ್ತದೆ, ಜಾಯಿಂಟಿನಲ್ಲಿ ಜಾಗವಾಗುತ್ತದೆ, ಯುಂಕರ್ ಹೇಳಿದ ಜಾರಾಟ ಶುರುವಾಗುತ್ತದೆ.

ಸರಿಯಾದ ಕ್ರಮ ಬೇರೆ. ಬೋಲ್ಟನ್ನು ಕೈಬಿಗಿಗೆ ನಿಲ್ಲಿಸಿ, ಗಾಡಿಯನ್ನು ಅದರ ಚಕ್ರಗಳ ಮೇಲೆ ಇಳಿಸಬೇಕು. ಇಲ್ಲವೇ ಆರ್ಮಿನಡಿ ಜಾಕ್ ಕೊಟ್ಟು ಭಾರ ಹೊರಿಸಬೇಕು. ಆಮೇಲೆ ಕಿರಿದಾದ ಜಾಗದಲ್ಲಿ ಮತ್ತೆ ಮಲಗಿ, ತೋಳು ಪೂರ್ತಿ ಆಡದ ಕಡೆ ಟಾರ್ಕ್ ರೆಂಚ್ ತೂರಿಸಿ, ನಿಗದಿತ ಬಿಗಿತ ಮುಟ್ಟಿ ಅದು ಟಕ್ ಎನ್ನುವವರೆಗೆ ಎಳೆಯಬೇಕು. ಇದಕ್ಕೆ ಬೇಕಾಗುವುದು ಕೆಲವೇ ನಿಮಿಷ ಹೆಚ್ಚು. ಮಾಲೀಕರು ಎದುರಿನ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಿರುತ್ತಾರೆ. ಹೇಗೆ ಬಿಗಿದರು ಎಂದು ಅವರಿಗೆ ಎಂದೂ ಗೊತ್ತಾಗುವುದಿಲ್ಲ. ಬಿಲ್ಲಿನ ಮೊತ್ತ ಎರಡಕ್ಕೂ ಒಂದೇ.

ಆ ಹೆಚ್ಚಿನ ಕೆಲವು ನಿಮಿಷಗಳೇ ಈ ಬರಹದ ಧಾರ್ಮಿಕ ಪ್ರಶ್ನೆಯ ತಿರುಳು. ಯಾರೂ ನೋಡದ ಕೆಲಸಕ್ಕೆ ಸಾಕ್ಷಿ ಯಾರು? ಹನ್ನೆರಡನೆಯ ಶತಮಾನದ ಶರಣರು ಈ ಪ್ರಶ್ನೆಯನ್ನು ಗುಡಿಯಿಂದ ಕೆಲಸದ ಜಾಗಕ್ಕೆ ತಂದರು. ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕಥೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ಬೀಳುತ್ತದೆ. ಅವನು ಕೆಲಸ ನಿಲ್ಲಿಸುವುದಿಲ್ಲ, ಲಿಂಗವೇ ಅವನ ಹಿಂದೆ ಬರಬೇಕಾಗುತ್ತದೆ. ಕಾಯಕ ಸರಿಯಾಗಿದ್ದರೆ ದೇವರು ಅಲ್ಲೇ ಇದ್ದಾನೆ ಎಂಬ ಧೈರ್ಯ ಅದು. ಗಾಡಿಯಡಿ ಅಂಗಾತ ಮಲಗಿ, ಕಣ್ಣಿಗೆ ತುಕ್ಕಿನ ಪುಡಿ ಉದುರುತ್ತಿದ್ದರೂ ಎರಡನೇ ಸಲ ಬಿಗಿತ ನೋಡುವ ಮೆಕ್ಯಾನಿಕ್ ಮಾಡುತ್ತಿರುವುದು ಪೂಜೆಗಿಂತ ಕಡಿಮೆಯದಲ್ಲ. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ.

ಹಾಗೆಂದು ಭಕ್ತಿ ಹೆಚ್ಚಾಗಿ ಬೋಲ್ಟನ್ನು ಮಿತಿಮೀರಿ ಬಿಗಿದರೂ ಕೆಟ್ಟಿತು. ಉದ್ದನೆಯ ಪೈಪು ಸಿಕ್ಕಿಸಿ ಕಾಲಲ್ಲಿ ಒದ್ದು ಬಿಗಿದ ಬೋಲ್ಟು ತನ್ನ ತಾಳಿಕೆಯ ಮಿತಿ ದಾಟಿ ಹಿಗ್ಗುತ್ತದೆ, ಮತ್ತೆ ಕುಗ್ಗುವುದಿಲ್ಲ. ಹಿಡಿತವೇ ಹೋಗುತ್ತದೆ, ಇಲ್ಲವೇ ಥ್ರೆಡ್ ಹರಿಯುತ್ತದೆ. ಪ್ರತಿ ಗಾಡಿಯ ರಿಪೇರಿ ಕೈಪಿಡಿಯಲ್ಲೂ ಒಂದೊಂದು ಬೋಲ್ಟಿಗೂ ನ್ಯೂಟನ್ ಮೀಟರಿನ ಲೆಕ್ಕ ಕೊಟ್ಟಿರುವುದು ಅದಕ್ಕೇ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ತಂದಲ್ಲೇ ಚೆಲ್ಲಿ ಬಾ ಎಂದು ಕಳಿಸಿದಳು. ಹೆಚ್ಚಾದದ್ದೂ ತಪ್ಪೇ ಎಂಬ ಅವಳ ವಿವೇಕ ಟಾರ್ಕ್ ರೆಂಚಿಗೂ ಸಲ್ಲುತ್ತದೆ. ಅಳತೆ ಗೊತ್ತಿರುವ ಕಡೆ ಅಂದಾಜಿನಲ್ಲಿ ನಡೆಯುವುದು, ಅದು ಎಷ್ಟೇ ಹುರುಪಿನದಾದರೂ, ಅಶ್ರದ್ಧೆಯೇ.

ಬೋಲ್ಟು ಬಿಚ್ಚದಂತೆ ಮನುಷ್ಯ ಕಂಡುಕೊಂಡ ಉಪಾಯಗಳೂ ಹಲವು. ಸ್ಪ್ರಿಂಗ್ ವಾಷರನ್ನು ನಮ್ಮ ಗ್ಯಾರೇಜುಗಳು ಇನ್ನೂ ನಂಬುತ್ತವೆ. ಯುಂಕರ್ ಬಗೆಯ ಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಬಿಗಿತ ಕಡಿಮೆಯಾದರೂ ಪೂರ್ತಿ ಕಳಚಿ ಬೀಳದಂತೆ ಹಿಡಿಯುತ್ತದೆ, ಆದರೆ ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹಾಕಬಾರದು. ಬಾಲ್ ಜಾಯಿಂಟಿನ ಕಿರೀಟದಂಥ ನಟ್ಟಿಗೆ ಸ್ಪ್ಲಿಟ್ ಪಿನ್ ಬೇಕು. ತೂತು ಸೇರದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿದು ಸೇರಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಿ ಸೇರಿಸಬಾರದು. ಥ್ರೆಡ್‌ಲಾಕರ್ ಅಂಟು ಗಾಳಿ ಸಿಗದ ಕಡೆ ಲೋಹದ ಸಂಪರ್ಕದಲ್ಲಿ ಗಟ್ಟಿಯಾಗುತ್ತದೆ. ಅಮೆರಿಕದ ಹಾರ್ಟ್‌ಫರ್ಡಿನ ಟ್ರಿನಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ವರ್ನನ್ ಕ್ರೀಬಲ್ 1950ರ ದಶಕದಲ್ಲಿ ರೂಪಿಸಿದ್ದು ಅದು. ಎಣ್ಣೆ ಜಿಡ್ಡಿನ ಥ್ರೆಡ್ಡಿಗೆ ಹಚ್ಚಿದರೆ ವ್ಯರ್ಥ, ಮತ್ತು ತಯಾರಕರು ಹೇಳದ ಕಡೆ ಸುರಿಯುವ ವಸ್ತುವೂ ಅಲ್ಲ. ಇವೆಲ್ಲಕ್ಕಿಂತ ಅಗ್ಗದ್ದು ಒಂದು ಬಿಳಿ ಪೇಂಟ್ ಮಾರ್ಕರ್. ಬಿಗಿದಾದ ಮೇಲೆ ನಟ್ಟಿನ ಮೇಲಿಂದ ಬ್ರಾಕೆಟ್ಟಿನವರೆಗೆ ಒಂದು ಗೆರೆ ಎಳೆದರೆ ಮುಗಿಯಿತು. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆ. ಗೆರೆ ನೇರವಿದ್ದ ಮಾತ್ರಕ್ಕೆ ಬಿಗಿತ ಪೂರ್ತಿ ಇದೆ ಎನ್ನುವಂತಿಲ್ಲ, ಬಣ್ಣ ತುಕ್ಕು ಅದುಮಿಕೊಂಡೂ ಎಳೆತ ಕಡಿಮೆಯಾಗುತ್ತದೆ. ಆದರೂ ಕಾಣದ ಕೆಲಸಕ್ಕೆ ಅದೊಂದು ಸಾಕ್ಷಿ.

ದೇವರ ಗಾಡಿಗೇ ಈ ನಿಯಮದಿಂದ ವಿನಾಯಿತಿ ಇಲ್ಲ ಎಂಬುದನ್ನು ನಮ್ಮ ತೇರುಗಳು ತೋರಿಸಿವೆ. 2017ರ ಫೆಬ್ರವರಿಯಲ್ಲಿ ಕೊಟ್ಟೂರಿನ ಗುರು ಬಸವೇಶ್ವರ ರಥೋತ್ಸವದ ದಿನ, ಲಕ್ಷಾಂತರ ಭಕ್ತರ ಎದುರು, ಅಚ್ಚು ಮುರಿದು ತೇರು ಉರುಳಿ ಹಲವರು ಗಾಯಗೊಂಡರು. 2022ರ ನವೆಂಬರ್ 1ರಂದು ಚಾಮರಾಜನಗರ ಜಿಲ್ಲೆಯ ಚನ್ನಪ್ಪನಪುರದಲ್ಲಿ ವೀರಭದ್ರೇಶ್ವರನ ತೇರಿನ ಚಕ್ರ ಮುರಿಯಿತು. ಬೆಂಗಳೂರಿನ ಅಂಚಿನಲ್ಲೇ ಇರುವ ಹುಸ್ಕೂರಿನ ಮದ್ದೂರಮ್ಮನ ಜಾತ್ರೆಯಲ್ಲಿ ಮುಗಿಲೆತ್ತರದ ತೇರುಗಳು 2024ರ ಏಪ್ರಿಲಿನಲ್ಲೂ, ಗಾಳಿಮಳೆಗೆ ಸಿಕ್ಕಿ 2025ರ ಮಾರ್ಚಿನಲ್ಲೂ ಉರುಳಿದವು. ಎರಡನೆಯ ಸಲ ಜೀವಹಾನಿಯೂ ಆಯಿತು. ಭಕ್ತಿಗೆ ಅಲ್ಲೆಲ್ಲ ಏನೂ ಕೊರತೆಯಿರಲಿಲ್ಲ. ಅಮ್ಮನನ್ನು ಕೂರಿಸಿದ ತೇರನ್ನೇ ಅಮ್ಮ ಹಿಡಿಯಲಿಲ್ಲವೇ ಎಂದು ಕೇಳುವವರುಂಟು. ದೇವರು ತನ್ನ ತೇರಿಗೂ ಬೇರೆ ಲೆಕ್ಕ ಇಡಲಿಲ್ಲ ಎಂದು ಅದನ್ನು ಓದಬಹುದು. ಭಾರ, ಎತ್ತರ, ಗಾಳಿ, ಅಚ್ಚಿನ ಮರದ ವಯಸ್ಸು ನೋಡಬೇಕಾದದ್ದು ಮನುಷ್ಯರೇ. ತೇರಿನ ಮುಂದೆ ಸನ್ನೆಗೋಲು ಹಿಡಿದು ಚಕ್ರದಡಿ ಮರದ ತುಂಡು ಕೊಡುವವರು ಇದನ್ನು ಯಾವ ಭಾಷ್ಯ ಓದದೆಯೂ ಬಲ್ಲರು. ಹೆಗಲು ಕೊಟ್ಟು ಎಳೆಯುವ ಗುಂಪಿನಲ್ಲಿ ಅವರ ಕಣ್ಣು ಮಾತ್ರ ದೇವರ ಮುಖದ ಮೇಲಿರದೆ ಚಕ್ರದ ಮೇಲಿರುತ್ತದೆ.

ಅಪಘಾತವಾದ ಮನೆಯಲ್ಲಿ ಹಣೆಬರಹ ಎನ್ನುತ್ತಾರೆ. ಮಗನನ್ನು ಕಳೆದುಕೊಂಡ ತಾಯಿ ಆ ಮಾತನ್ನು ಹಿಡಿದು ರಾತ್ರಿ ಕಳೆಯಬೇಕಾದಾಗ ಅದನ್ನು ಕಿತ್ತುಕೊಳ್ಳುವ ಹಕ್ಕು ಯಾವ ವಿಚಾರವಾದಿಗೂ ಇಲ್ಲ. ನಡೆದುಹೋದದ್ದನ್ನು ಹೊರಲು ದೈವ ಬೇಕು. ಆದರೆ ಅದೇ ಮಾತನ್ನು ನಡೆಯದಿರುವುದಕ್ಕೆ ಮುಂಗಡವಾಗಿ ಹಚ್ಚುವುದು, ಟೈರಿನ ಅಂಚು ಸವೆದಿದ್ದರೂ ಆಗಿದ್ದಾಗಲಿ ಎನ್ನುವುದು, ಬೇರೆಯೇ ಕೃತ್ಯ. ಮಹಾಭಾರತದ ಉದ್ಯೋಗಪರ್ವದಲ್ಲಿ ನಿದ್ದೆಗೆಟ್ಟ ಧೃತರಾಷ್ಟ್ರನಿಗೆ ಸನತ್ಸುಜಾತ ಹೇಳುವುದು ಸಾವೆಂದರೆ ಮೈಮರೆವು ಎಂದು. ಬುದ್ಧ ಪರಿನಿರ್ವಾಣಕ್ಕೆ ಮುಂಚೆ ಭಿಕ್ಷುಗಳಿಂದ ಬೇಡಿದ್ದೂ ಎಚ್ಚರವನ್ನೇ. ಇಬ್ಬರೂ ಒಳಗಿನ ಸಾಧನೆಯ ವಿಷಯ ಮಾತಾಡುತ್ತಿದ್ದರು, ನಿಜ. ಆದರೂ ಒಳಗಿನ ವಿಷಯದಲ್ಲಿ ಎಚ್ಚರವಿರುವವರು ಪಕ್ಕದ ಸೀಟಿನಲ್ಲಿ ಮಗುವನ್ನು ಕೂರಿಸಿಕೊಂಡು ಕಟಕ್ ಸದ್ದನ್ನು ರೇಡಿಯೊ ಜೋರು ಮಾಡಿ ಮುಚ್ಚಲಾರರು.

ನೆಲೆಯ, ಎಂದರೆ ರಸ್ತೆಯ, ಮಾತು ಉಳಿಯಿತು. ಐದರಲ್ಲಿ ಮೊದಲನೆಯದು ಅದು, ಗಾಡಿ ನಡೆಸುವವರ ಕೈಯಲ್ಲಿ ಇಲ್ಲದ್ದೂ ಅದೇ. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿತು. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ ಸೇರಿದ 198ಎ ಸೆಕ್ಷನ್, ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಗುಣಮಟ್ಟ ಪಾಲಿಸದೆ ಸಾವು ಅಥವಾ ಅಂಗವಿಕಲತೆ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ ಎನ್ನುತ್ತದೆ. ಗುಂಡಿ ಮುಚ್ಚುವ ಎಂಜಿನಿಯರ್, ಪೈಪ್ ಹೂತು ಮಣ್ಣು ದಮ್ಮಸ್ಸು ಮಾಡದೆ ಹೋದ ಗುತ್ತಿಗೆದಾರ, ಅಳತೆ ನೋಡದೆ ಹಂಪು ಹಾಕಿಸಿಕೊಂಡ ನಿವಾಸಿಗಳು, ಎಲ್ಲರೂ ಎಲ್ಲೋ ಒಂದು ಬೋಲ್ಟಿನ ಸಡಿಲಿಕೆಯಲ್ಲಿ ಪಾಲುದಾರರು. ಆಯುಧಪೂಜೆಯ ಮರುದಿನ ರಸ್ತೆ ತುಂಬ ಬಿದ್ದಿರುವ ಬೂದುಗುಂಬಳದ ಹೋಳು ಕೂಡ ಈ ಲೆಕ್ಕಕ್ಕೆ ಸೇರಬೇಕು. ಕುಂಕುಮದ ನೀರಿಗೆ ಜಾರಿ ಬಿದ್ದ ಸ್ಕೂಟರಿನ ಹುಡುಗಿಯ ನೆಲೆಯನ್ನು ಕೆಡಿಸಿದ್ದು ಇನ್ನೊಬ್ಬರ ರಕ್ಷಣೆಯ ಪೂಜೆ. ಒಡೆದ ಕಾಯನ್ನು ಬದಿಗೆ ಗುಡಿಸಿ ಹೋಗುವುದು ಸಂಕಲ್ಪದಲ್ಲೇ ಸೇರಬೇಕಾದ ವಿಧಿ.

ಪೂಜೆ ಬೇಡವೇ ಎಂದರೆ, ಖಂಡಿತ ಬೇಕು. ರಾಜ್ಯ ರಸ್ತೆ ಸಾರಿಗೆ ನಿಗಮ 2024ರಲ್ಲಿ ಆಯುಧಪೂಜೆಗೆ ಬಸ್ಸೊಂದಕ್ಕೆ ಕೊಡುವ ಹಣವನ್ನು 100 ರೂಪಾಯಿಯಿಂದ 250ಕ್ಕೆ ಏರಿಸಿತು. ಡಿಪೋಗಳಲ್ಲಿ ಬಸ್ಸು ತೊಳೆದು ಬಾಳೆಕಂದು ಕಟ್ಟುವ ಸಿಬ್ಬಂದಿಗೆ ಅದು ದುಂದಲ್ಲ. ವರ್ಷಕ್ಕೊಂದು ದಿನ ಯಂತ್ರದ ಮುಂದೆ ಕೈಮುಗಿದು ನಿಂತಾಗ, ಇಷ್ಟು ದಿನ ಹೊತ್ತು ತಿರುಗಿದೆ ಎಂಬ ಕೃತಜ್ಞತೆ ಮೂಡುತ್ತದೆ, ನಾಲ್ಕೂ ಕಾರಣ ಸರಿಯಿದ್ದರೂ ಕೈಮೀರಿದ್ದು ಉಳಿದೇ ಇರುತ್ತದೆ ಎಂಬ ವಿನಯವೂ ಮೂಡುತ್ತದೆ. ಎದುರಿನ ಲಾರಿಯ ಚಾಲಕ ತೂಕಡಿಸಬಹುದು, ಕಾರ್ಖಾನೆಯಿಂದಲೇ ಉಕ್ಕಿನೊಳಗೆ ಒಂದು ಬಿರುಕು ಬಂದಿರಬಹುದು. ಐದನೆಯ ಕಾರಣದ ಮುಂದೆ ತಲೆಬಾಗುವುದು ಪ್ರಾಮಾಣಿಕತೆ. ಮೊದಲ ನಾಲ್ಕನ್ನು ಮಾಡದೆ ಅದರ ಮುಂದೆ ನಿಂತಾಗ ಮಾತ್ರ ಅದು ಬೇರೇನೋ ಆಗುತ್ತದೆ.

ಆದ್ದರಿಂದ ಒಂದು ಸಲಹೆ, ಪಂಚಾಂಗದ ಪ್ರಕಾರವೇ. ನವರಾತ್ರಿಯ ವಾರದಲ್ಲಿ ಗ್ಯಾರೇಜುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ, ಗಡಿಬಿಡಿಯಲ್ಲಿ ಯಾರೂ ಗಾಡಿ ಇಳಿಸಿ ಎರಡನೇ ಸಲ ಬಿಗಿಯುವುದಿಲ್ಲ. ಅದಕ್ಕೆ ಮುಂಚಿನ ಹದಿನೈದು ದಿನ ಪಿತೃಪಕ್ಷ. ಹೊಸ ಗಾಡಿ ಕೊಳ್ಳುವವರಿಲ್ಲ, ಶುಭಕಾರ್ಯಗಳಿಲ್ಲ. ರಿಪೇರಿಗೆ ಯಾವ ನಿಷೇಧವೂ ಇಲ್ಲ. ಮಹಾಲಯ ಅಮಾವಾಸ್ಯೆಗೆ ಮುಂಚೆ ಗಾಡಿ ಬಿಟ್ಟು, ಬುಷ್ ಹಾಕಿಸಿದ್ದರೆ ಚಕ್ರದ ಮೇಲೆ ಇಳಿಸಿಯೇ ಬಿಗಿಯಿರಿ ಎಂದು ಕೇಳಿ, ಹಳೆಯ ನೈಲಾಕ್ ನಟ್ಟು ಬದಲಿಸಿ, ಬಿಳಿ ಗೆರೆ ಎಳೆಸಿಕೊಂಡು ಬಂದರೆ, ಮಹಾನವಮಿಯ ಹೊತ್ತಿಗೆ ಗಾಡಿ ಇನ್ನೂರು ಮುನ್ನೂರು ಕಿಲೋಮೀಟರು ಓಡಿರುತ್ತದೆ. ಹೊಸದಾಗಿ ಬಿಗಿದ ಜಾಯಿಂಟು ಅದುಮಿಕೊಂಡು ಕೂರುವುದು ಆ ಅವಧಿಯಲ್ಲೇ. ಪೂಜೆಗೆ ತೊಳೆಯುವ ಮುನ್ನ ಮತ್ತೊಮ್ಮೆ ರೆಂಚ್ ಹಾಕಿ ನೋಡಲು ತಕ್ಕ ಸಮಯ ಅದು.